ಹಾರ್ಮೋನು ಒಂದೇ, ಕೇಳಿಸಿಕೊಳ್ಳುವ ನರಗಳು ಬೇರೆ ಬೇರೆ: ತೂಕದ ಇಂಜೆಕ್ಷನ್ ಚರ್ಚೆಯಲ್ಲಿ ಬಿಟ್ಟುಹೋದ ಮಾತು

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಈಗ ಎಲ್ಲಿ ನೋಡಿದರೂ ಮಾತು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಅನ್ನುವ ಹೆಸರುಗಳು ಸಕ್ಕರೆ ಕಾಯಿಲೆ ಡಾಕ್ಟರ ಕೋಣೆ ದಾಟಿ ಮನೆಮಾತಾಗಿವೆ. ಇವು ಹೇಗೆ ಕೆಲಸ ಮಾಡುತ್ತವೆ ಅಂತ ಕೇಳಿದರೆ ಸಿಗುವುದು ಹೆಚ್ಚುಕಡಿಮೆ ಒಂದೇ ಉತ್ತರ: ಕರುಳಿನ ಹಾರ್ಮೋನಿನಂತೆ ನಟಿಸುತ್ತವೆ, ಹಸಿವು ಕಡಿಮೆಯಾಗುತ್ತದೆ. ಮಾತು ತಪ್ಪಲ್ಲ. ಆದರೆ ಒಂದು ದೊಡ್ಡ ಪ್ರಶ್ನೆಯನ್ನು ಅದು ಹಾಗೇ ನುಂಗಿಬಿಡುತ್ತದೆ.

ಆ ಹಾರ್ಮೋನು ಜಿಎಲ್‌ಪಿ-1. ಉಂಡಾಗ ಕರುಳಿನ ಒಳಗೋಡೆಯ ಕೆಲವು ಕೋಶಗಳು ಇದನ್ನು ಬಿಡುತ್ತವೆ. ಇದರ ಆಯಸ್ಸು ತೀರಾ ಕಡಿಮೆ. ರಕ್ತ ಸೇರಿದ ಸುಮಾರು ಎರಡು ನಿಮಿಷದಲ್ಲಿ ಅರ್ಧದಷ್ಟು ಕೆಲಸಕ್ಕೆ ಬಾರದಂತಾಗುತ್ತದೆ. ಡಿಪಿಪಿ-4 ಅನ್ನುವ ಕಿಣ್ವ ಕರುಳಿನ ಸಣ್ಣ ರಕ್ತನಾಳಗಳ ಗೋಡೆಯಲ್ಲೇ ಕಾದು ಕೂತು ಇದನ್ನು ಕತ್ತರಿಸುತ್ತದೆ. ಹೊರಟ ಹಾರ್ಮೋನಿನಲ್ಲಿ ಅಂದಾಜು ಶೇ. 10-15 ಮಾತ್ರ ಇಡಿಯಾಗಿ ಉಳಿದ ಮೈಯನ್ನು ತಲುಪುತ್ತದೆ. ಇಷ್ಟು ಬೇಗ ಸಾಯುವ ವಸ್ತು ಅಷ್ಟು ದೂರದ ಮಿದುಳಿಗೆ ಸುದ್ದಿ ಮುಟ್ಟಿಸುವುದಾದರೂ ಹೇಗೆ?

ಉತ್ತರದ ಬಹುಪಾಲು ಹತ್ತಿರದಲ್ಲೇ ಇದೆ. ಜಠರ ಮತ್ತು ಕರುಳಿಗೆ ಬಂದು ಸೇರುವ ನರಗಳ ಮೇಲೆ ಈ ಹಾರ್ಮೋನುಗಳನ್ನು ಗುರುತಿಸುವ ರಿಸೆಪ್ಟರ್‌ಗಳಿವೆ. ಹಾರ್ಮೋನು ಮಿದುಳಿನವರೆಗೆ ಹೋಗಬೇಕಾಗಿಲ್ಲ. ಪಕ್ಕದಲ್ಲಿರುವ ನರಕ್ಕೆ ತಾಗಿದರೆ ಸಾಕು, ಉಳಿದ ದಾರಿಯನ್ನು ನರ ನೋಡಿಕೊಳ್ಳುತ್ತದೆ. ಪಕ್ಕದವರ ಕಿವಿಯಲ್ಲಿ ಹೇಳುವುದಕ್ಕೂ ಊರಿಗೆಲ್ಲ ಡಂಗುರ ಸಾರುವುದಕ್ಕೂ ಇರುವ ವ್ಯತ್ಯಾಸವೇ ಸಹಜ ಜಿಎಲ್‌ಪಿ-1ಕ್ಕೂ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಿಗೂ ಇದೆ. ಈ ಔಷಧಿಗಳ ಗುಣ, ಅವಗುಣ, ಅವುಗಳ ಸುತ್ತ ಇರುವ ಗೊಂದಲ ಮೂರನ್ನೂ ಅರ್ಥ ಮಾಡಿಕೊಳ್ಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು ಅಂತ ನನ್ನ ಅನಿಸಿಕೆ.

ನರವೋ ರಕ್ತವೋ ಅನ್ನುವ ಹಳೇ ಜಗಳ

ಸ್ವಲ್ಪ ಹಿಂದಕ್ಕೆ ಹೋಗೋಣ. 1902ರವರೆಗೆ ಜೀರ್ಣಕ್ರಿಯೆಯನ್ನು ನಡೆಸುವುದೆಲ್ಲ ನರಗಳೇ ಅಂತ ನಂಬಿಕೆ ಇತ್ತು. ರಷ್ಯಾದ ಇವಾನ್ ಪಾವ್ಲೊವ್ ಅದರ ದೊಡ್ಡ ಹೆಸರು. ಆ ವರ್ಷ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಒಂದು ಪ್ರಯೋಗ ಮಾಡಿದರು. ಅರಿವಳಿಕೆ ಕೊಟ್ಟ ನಾಯಿಯ ಸಣ್ಣ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕಡಿದು, ಅದರೊಳಗೆ ಆಮ್ಲ ಹಾಕಿದರು. ನರ ಇಲ್ಲದಿದ್ದರೂ ಮೇದೋಜೀರಕ ಗ್ರಂಥಿಯಿಂದ ರಸ ಸುರಿಯಿತು. ಆ ಕರುಳಿನ ಒಳಪೊರೆಯನ್ನು ಕೆರೆದು, ಆಮ್ಲದಲ್ಲಿ ಅರೆದು, ಸೋಸಿ ರಕ್ತಕ್ಕೆ ಚುಚ್ಚಿದಾಗಲೂ ಅದೇ ಆಯಿತು. ಆ ವಸ್ತುವಿಗೆ ಸಿಕ್ರೆಟಿನ್ ಅಂತ ಹೆಸರಿಟ್ಟರು. 1905ರಲ್ಲಿ ಸ್ಟಾರ್ಲಿಂಗ್ ಇಂಥ ವಸ್ತುಗಳಿಗೆಲ್ಲ ಹಾರ್ಮೋನು ಅನ್ನುವ ಪದ ಬಳಸಿದರು.

ಅದ್ಭುತ ಪ್ರಯೋಗ, ಅಲ್ವಾ? ಆದರೆ ಅದರಿಂದ ಒಂದು ಅಡ್ಡಪರಿಣಾಮವೂ ಆಯಿತು. ಮುಂದಿನ ಹಲವು ದಶಕ ಹಾರ್ಮೋನಿನವರು ಒಂದು ಕಡೆ, ನರದವರು ಇನ್ನೊಂದು ಕಡೆ ನಿಂತರು. ಕರುಳಿನ ಹಾರ್ಮೋನು ಅಂದರೆ ರಕ್ತದಲ್ಲಿ ತೇಲಿ ದೂರ ಹೋಗುವ ವಸ್ತು ಅನ್ನುವ ಚಿತ್ರ ಗಟ್ಟಿಯಾಗಿ ಕೂತುಬಿಟ್ಟಿತು. ಹಾರ್ಮೋನು ನರದ ಮೂಲಕವೇ ಮಾತಾಡಬಹುದು ಅನ್ನುವುದು ಯಾರಿಗೂ ಬೇಗ ಹೊಳೆಯಲಿಲ್ಲ.

ಹೊಳೆಸಿದ್ದು ಕೋಲಿಸಿಸ್ಟೊಕೈನಿನ್, ಚಿಕ್ಕದಾಗಿ ಸಿಸಿಕೆ. ಊಟದ ಕೊಬ್ಬು ಮತ್ತು ಪ್ರೋಟೀನು ಸಣ್ಣ ಕರುಳಿನ ಮೊದಲ ಭಾಗಕ್ಕೆ ಬಂದಾಗ ಬಿಡುಗಡೆಯಾಗುವ ಹಾರ್ಮೋನು ಇದು. 1928ರಲ್ಲಿ ಗುರುತಿಸಿದಾಗ ಪಿತ್ತಕೋಶವನ್ನು ಹಿಂಡುವುದೇ ಇದರ ಕೆಲಸ ಅಂದುಕೊಂಡಿದ್ದರು. 1973ರಲ್ಲಿ ಗಿಬ್ಸ್, ಯಂಗ್ ಮತ್ತು ಸ್ಮಿತ್ ಇದನ್ನು ಇಲಿಗಳಿಗೆ ಚುಚ್ಚಿದರು. ಇಲಿಗಳು ಊಟ ಬೇಗ ಮುಗಿಸಿದವು. ಹೊಟ್ಟೆ ತುಂಬಿತು ಅನ್ನುವ ಭಾವನೆಯನ್ನು ಕರುಳಿನ ಹಾರ್ಮೋನು ಹುಟ್ಟಿಸಬಲ್ಲದು ಅನ್ನುವುದಕ್ಕೆ ಸಿಕ್ಕ ಮೊದಲ ಗಟ್ಟಿ ಸಾಕ್ಷಿಗಳಲ್ಲಿ ಅದೊಂದು. 1981ರಲ್ಲಿ ಸ್ಮಿತ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಇಟ್ಟರು. ಜಠರಕ್ಕೆ ಹೋಗುವ ವೇಗಸ್ ನರದ ಕವಲುಗಳನ್ನು ಕಡಿದ ಇಲಿಗಳಿಗೆ ಸಿಸಿಕೆ ಕೊಟ್ಟರು. ಈ ಸಲ ಅದರ ಆಟ ನಡೆಯಲಿಲ್ಲ. ಹಾರ್ಮೋನು ಇತ್ತು, ರಕ್ತ ಇತ್ತು, ಮಿದುಳೂ ಇತ್ತು. ಕೇಳಿಸಿಕೊಳ್ಳುವ ನರ ಮಾತ್ರ ಇರಲಿಲ್ಲ.

ಕರುಳಿನ ಗೋಡೆಯನ್ನು ಹತ್ತಿರದಿಂದ ನೋಡಿದರೆ

ವೇಗಸ್ ಅಂದರೆ ಮಿದುಳಿನ ಬುಡದಿಂದ ಹೊರಟು ಕುತ್ತಿಗೆ, ಎದೆ ದಾಟಿ ಹೊಟ್ಟೆಗೆ ಇಳಿಯುವ ಉದ್ದನೆಯ ನರ. ಇದು ಮಿದುಳಿನ ಅಪ್ಪಣೆಯನ್ನು ಕೆಳಗೆ ಒಯ್ಯುವ ನರ ಅಂತಲೇ ಬಹಳ ಜನ ತಿಳಿದಿರುತ್ತಾರೆ. ನಿಜ ತಿರುಗಾಮುರುಗಾ ಇದೆ. ಇದರ ಎಳೆಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಸುದ್ದಿ ಹೊರುವುದು ಕೆಳಗಿನಿಂದ ಮೇಲಕ್ಕೆ. ಈ ಎಳೆಗಳ ತಾಯಿಕೋಶಗಳು ಕುತ್ತಿಗೆಯ ಮೇಲ್ಭಾಗದಲ್ಲಿ, ತಲೆಬುರುಡೆಯ ಬುಡಕ್ಕೆ ಹತ್ತಿರ, ನೋಡೋಸ್ ಅನ್ನುವ ಸಣ್ಣ ಗಂಟಿನಲ್ಲಿವೆ.

ಈಗ ಸಣ್ಣ ಕರುಳಿನ ಒಳಗೆ ಬನ್ನಿ. ಒಳಗೋಡೆಯ ತುಂಬ ಬೆರಳಿನಂಥ ಪುಟ್ಟ ಚಾಚುಗಳು. ಅವುಗಳ ಮೇಲೆ ಒಂದು ಪದರ ಕೋಶಗಳು ಒತ್ತೊತ್ತಾಗಿ ನಿಂತಿರುತ್ತವೆ. ಹೆಚ್ಚಿನವು ಆಹಾರ ಹೀರುವ ಕೋಶಗಳು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಹಾರ್ಮೋನು ಬಿಡುವ ಕೋಶ. ಅದರ ತಲೆ ಆಹಾರದ ಕಡೆಗೆ, ಬುಡ ಒಳಗಿನ ಅಂಗಾಂಶದ ಕಡೆಗೆ. ಆಹಾರದ ರುಚಿ ನೋಡುವುದು ತಲೆಯಿಂದ, ಹಾರ್ಮೋನು ಬಿಡುವುದು ಬುಡದಿಂದ. ಆ ಬುಡದ ಕೆಳಗೆ ಎರಡು ಇವೆ. ಒಂದು, ಕೂದಲಿಗಿಂತ ತೆಳುವಾದ ರಕ್ತನಾಳ. ಇನ್ನೊಂದು, ವೇಗಸ್ ನರದ ತುದಿ.

ನರದ ತುದಿ ಕರುಳಿನ ಒಳಜಾಗಕ್ಕೆ ಇಣುಕುವುದೇ ಇಲ್ಲ ಅನ್ನುವುದನ್ನು ಗಮನಿಸಿ. ಆಹಾರ ಅದಕ್ಕೆ ನೇರವಾಗಿ ತಾಗುವುದಿಲ್ಲ. ಏನು ಬಂತು, ಎಷ್ಟು ಬಂತು ಅಂತ ತಿಳಿಯಲು ಅದು ಆ ಕೋಶವನ್ನೇ ನಂಬಬೇಕು. ಹುಟ್ಟಿದ ಜಾಗದಲ್ಲಿ ಹಾರ್ಮೋನು ಗಾಢವಾಗಿರುತ್ತದೆ. ತೋಳಿನ ರಕ್ತ ತೆಗೆದು ಅಳೆದರೆ ಸಿಗುವುದು ಅದರ ಚೂರುಪಾರು ಅಷ್ಟೇ. ರಕ್ತ ಪರೀಕ್ಷೆಯ ಅಂಕಿ ನೋಡಿ ಕರುಳಿನ ಹಾರ್ಮೋನು ಜಾಸ್ತಿ ಇದೆ, ಕಮ್ಮಿ ಇದೆ ಅಂತ ತೀರ್ಪು ಕೊಡುವವರ ಬಗ್ಗೆ ನನಗೆ ತಕರಾರು ಇರುವುದು ಇದೇ ಕಾರಣಕ್ಕೆ.

2018ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡಿಯೆಗೊ ಬೊಹೋರ್ಕೆಸ್ ತಂಡ ಈ ಚಿತ್ರಕ್ಕೆ ಇನ್ನೊಂದು ಬಣ್ಣ ಸೇರಿಸಿತು. ಇಲಿಗಳ ಕರುಳಿನಲ್ಲಿ ಕೆಲವು ಹಾರ್ಮೋನು ಕೋಶಗಳು ವೇಗಸ್ ನರದ ಜೊತೆ ನೇರ ಸಂಪರ್ಕವನ್ನೇ ಮಾಡಿಕೊಂಡಿವೆ, ನರಗಳ ನಡುವೆ ಸುದ್ದಿ ಒಯ್ಯುವ ಗ್ಲುಟಮೇಟ್ ಅನ್ನುವ ರಾಸಾಯನಿಕ ಬಿಟ್ಟು ಕ್ಷಣಾರ್ಧದಲ್ಲಿ ಸಕ್ಕರೆಯ ಸುದ್ದಿ ಕಳಿಸುತ್ತವೆ ಅಂತ ತೋರಿಸಿತು. ಅಂದರೆ ಒಂದೇ ಕೋಶ ಎರಡು ವೇಗದಲ್ಲಿ ಮಾತಾಡುತ್ತದೆ. ಬೇಗನೆ ಒಂದು ಸುಳಿವು, ನಿಧಾನವಾಗಿ ಹಾರ್ಮೋನು.

ಒಂದು ಹಾರ್ಮೋನು, ಹಲವು ವಿಳಾಸ

ಜಿಎಲ್‌ಪಿ-1 ವಿಷಯ ಸಿಸಿಕೆಯಷ್ಟು ಸರಳವಲ್ಲ. 2016ರಲ್ಲಿ ಹಾರ್ವರ್ಡ್‌ನ ಸ್ಟೀಫನ್ ಲೈಬರ್ಲೆಸ್ ತಂಡ ಇಲಿಗಳ ವೇಗಸ್ ನರದ ಎಳೆಗಳನ್ನು ಅವುಗಳ ರಿಸೆಪ್ಟರ್ ಪ್ರಕಾರ ಬೇರೆ ಮಾಡಿ ನೋಡಿತು. ಜಿಎಲ್‌ಪಿ-1 ರಿಸೆಪ್ಟರ್ ಇರುವ ಎಳೆಗಳು ಪೋಷಕಾಂಶದ ಸುದ್ದಿ ಕೊಡುತ್ತವೆ ಅಂತ ಯಾರಾದರೂ ಊಹಿಸುತ್ತಿದ್ದರು. ಆದದ್ದು ಬೇರೆ. ಅವು ಮುಖ್ಯವಾಗಿ ಜಠರ ಮತ್ತು ಕರುಳು ಹಿಗ್ಗಿದ್ದನ್ನು ಗುರುತಿಸುತ್ತಿದ್ದವು. ಪೋಷಕಾಂಶಕ್ಕೆ ಸ್ಪಂದಿಸಿದ್ದು ಜಿಪಿಆರ್65 ಅನ್ನುವ ಇನ್ನೊಂದು ರಿಸೆಪ್ಟರ್ ಇರುವ ಎಳೆಗಳು.

ಇದರಿಂದ ನನಗೆ ತೋಚುವ ಅರ್ಥ ಹೀಗೆ. ಹೊಟ್ಟೆ ಹಿಗ್ಗಿದ ಸುದ್ದಿ ಮತ್ತು ಹಾರ್ಮೋನಿನ ಸುದ್ದಿ ಮಿದುಳಿಗೆ ಹೋದ ಮೇಲಷ್ಟೇ ಸೇರುವುದಲ್ಲ. ನರದ ಎಳೆಯಲ್ಲೇ ಕೂಡಿಕೊಳ್ಳಬಹುದು. ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡರೆ ಹಸಿವು ಸ್ವಲ್ಪ ಹೊತ್ತು ಅಡಗಿ ಮತ್ತೆ ಬರುತ್ತದೆ. ಅದೇ ಗಾತ್ರದ ಊಟಕ್ಕೆ ಆ ತೃಪ್ತಿ ತುಂಬ ಹೊತ್ತು ನಿಲ್ಲುತ್ತದೆ. ಹಿಗ್ಗುವಿಕೆಯ ಜೊತೆ ಹಾರ್ಮೋನು ಸೇರಿದಾಗ ಮಾತ್ರ ನರ ಪೂರ್ತಿ ದನಿಯಲ್ಲಿ ಮಾತಾಡುತ್ತದೆ ಅಂತ ಹೇಳಬಹುದು. ಸಿಸಿಕೆಯಲ್ಲಂತೂ ಇಂಥ ಕೂಡಾಟ ಪ್ರಾಣಿಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ವೇಗಸ್ ಒಂದೇ ಅಲ್ಲ. ಕರುಳಿನ ಗೋಡೆಯೊಳಗೇ ಕೋಟಿಗಟ್ಟಲೆ ನರಕೋಶಗಳ ಸ್ವಂತ ಜಾಲವೊಂದಿದೆ. ಅದರ ಮೇಲೂ ಹಾರ್ಮೋನು ರಿಸೆಪ್ಟರ್‌ಗಳಿವೆ. ಇದಕ್ಕೆ ಒಳ್ಳೆ ಉದಾಹರಣೆ ಎರಿಥ್ರೊಮೈಸಿನ್ ಅನ್ನುವ ಹಳೇ ಆ್ಯಂಟಿಬಯೋಟಿಕ್. ಅದನ್ನು ನುಂಗಿದವರಲ್ಲಿ ಹಲವರಿಗೆ ಹೊಟ್ಟೆ ನುಲಿಯುತ್ತದೆ. ಆ ಮಾತ್ರೆ ಮೊಟಿಲಿನ್ ಅನ್ನುವ ಕರುಳಿನ ಹಾರ್ಮೋನಿನ ರಿಸೆಪ್ಟರ್‌ಗೂ ಅಂಟಿಕೊಳ್ಳುತ್ತದೆ. ಜಠರದ ಗೋಡೆಯ ನರ ಮತ್ತು ಸ್ನಾಯುಗಳ ಮೇಲೆ ಆ ರಿಸೆಪ್ಟರ್ ಇದೆ. ಜಠರ ನಿಧಾನವಾದ ರೋಗಿಗಳಿಗೆ ಡಾಕ್ಟರು ಇದೇ ಮಾತ್ರೆಯನ್ನು ಬೇಕೆಂದೇ ಕೊಡುವುದುಂಟು.

ಔಷಧಿ ಎಲ್ಲಿ ಕೆಲಸ ಮಾಡುತ್ತದೆ?

ಈಗ ಇಂಜೆಕ್ಷನ್‌ಗೆ ವಾಪಸ್ ಬರೋಣ. ಸೆಮಾಗ್ಲುಟೈಡ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಎರಡು ನಿಮಿಷ ಎಲ್ಲಿ, ಒಂದು ವಾರ ಎಲ್ಲಿ! ಸಹಜ ಹಾರ್ಮೋನು ಊಟಕ್ಕೆ ಬಂದು ಊಟದ ಜೊತೆ ಹೋಗುತ್ತದೆ. ಔಷಧಿ ಹಗಲು ರಾತ್ರಿ ಇರುತ್ತದೆ, ಎಲ್ಲ ಕಡೆ ಇರುತ್ತದೆ. ಎರಡೂ ಒಂದೇ ರಿಸೆಪ್ಟರ್‌ಗೆ ಕೂರುತ್ತವೆ ನಿಜ. ಅದರಿಂದ ಎರಡರ ಕೆಲಸವೂ ಒಂದೇ ಅನ್ನಲು ಬರುವುದಿಲ್ಲ.

ಮನುಷ್ಯರಲ್ಲಿ ನಡೆದ ಒಂದು ಸಣ್ಣ ಅಧ್ಯಯನ ಇಲ್ಲಿ ಬಹಳ ಮುಖ್ಯ. ಹಿಂದೆಲ್ಲ ಹೊಟ್ಟೆ ಹುಣ್ಣಿಗೆ ವೇಗಸ್ ನರವನ್ನೇ ಕಡಿಯುವ ಆಪರೇಷನ್ ಮಾಡುತ್ತಿದ್ದರು. ಹಾಗೆ ನರ ಕಡಿಸಿಕೊಂಡಿದ್ದ ಗಂಡಸರಿಗೆ ಡೆನ್ಮಾರ್ಕಿನ ಸಂಶೋಧಕರು ಜಿಎಲ್‌ಪಿ-1 ಕೊಟ್ಟು ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನರ ಸರಿಯಿದ್ದವರು ಕಡಿಮೆ ಉಂಡರು, ನರ ಇಲ್ಲದವರಲ್ಲಿ ಆ ಪರಿಣಾಮ ಕಾಣಲಿಲ್ಲ. ಸಹಜ ಹಾರ್ಮೋನಿಗೆ ನರ ಬೇಕೇ ಬೇಕು ಅನ್ನುವ ಕಡೆಗೆ ಇದು ಕೈತೋರಿಸುತ್ತದೆ.

ಆದರೆ 2014ರಲ್ಲಿ ಬಂದ ಇಲಿಗಳ ಅಧ್ಯಯನ ಇನ್ನೊಂದು ಕಥೆ ಹೇಳಿತು. ವೇಗಸ್ ನರದ ಜಿಎಲ್‌ಪಿ-1 ರಿಸೆಪ್ಟರ್ ತೆಗೆದುಹಾಕಿದರೂ ಇದೇ ಗುಂಪಿನ ಲಿರಾಗ್ಲುಟೈಡ್ ಅನ್ನುವ ಔಷಧಿ ಕೊಟ್ಟಾಗ ಇಲಿಗಳ ತೂಕ ಇಳಿಯಿತು. ಮಿದುಳಿನ ರಿಸೆಪ್ಟರ್ ತೆಗೆದಾಗ ಇಳಿಯಲಿಲ್ಲ.

ಎರಡನ್ನೂ ಎದುರಾಬದುರಾ ಇಟ್ಟು ಯಾವುದು ಸರಿ ಅಂತ ಕೇಳುವವರಿದ್ದಾರೆ. ನನ್ನ ಪ್ರಕಾರ ಎರಡೂ ಸರಿ. ಸಹಜ ಹಾರ್ಮೋನು ನರದ ತುದಿಯಲ್ಲಿ ಊಟಕ್ಕೊಂದು ಕೊನೆ ಹಾಕುತ್ತದೆ. ದೀರ್ಘಕಾಲ ಉಳಿಯುವ ಔಷಧಿಯು ರಕ್ತದಲ್ಲಿ ತೇಲಿ, ರಕ್ತ ಮತ್ತು ಮಿದುಳಿನ ನಡುವಿನ ತಡೆ ಸಡಿಲವಾಗಿರುವ ಜಾಗಗಳಲ್ಲಿ ನುಸುಳಿ, ಹಸಿವಿನ ಮಟ್ಟವನ್ನೇ ಇಳಿಸುತ್ತದೆ. ಹಾಗಾಗಿ "ಇದು ನಮ್ಮ ಮೈಯಲ್ಲೇ ಇರುವ ಹಾರ್ಮೋನು, ಅದಕ್ಕೇ ಸುರಕ್ಷಿತ" ಅನ್ನುವ ಪ್ರಚಾರದ ಮಾತನ್ನು ಒಪ್ಪಲು ಆಗುವುದಿಲ್ಲ. ಅದೇ ರೀತಿ "ಇದು ಪ್ರಕೃತಿಗೆ ವಿರುದ್ಧ" ಅಂತ ಸುಮ್ನೆ ಹೆದರಿಸುವುದೂ ಸರಿಯಲ್ಲ. ಔಷಧಿಯ ಸುರಕ್ಷತೆಯನ್ನು ಔಷಧಿಯ ಪ್ರಯೋಗಗಳಿಂದಲೇ ಅಳೆಯಬೇಕು, ಹಾರ್ಮೋನಿನ ಒಳ್ಳೆಯ ಹೆಸರಿನಿಂದಲ್ಲ.

ವಾಕರಿಕೆ ಎಲ್ಲಿಂದ ಬರುತ್ತದೆ

ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗ 2021ರಲ್ಲಿ ಪ್ರಕಟವಾಯಿತು. 1961 ಜನ, 68 ವಾರ. ಔಷಧಿ ತಗೊಂಡವರ ತೂಕ ಸರಾಸರಿ ಶೇ. 14.9 ಇಳಿಯಿತು, ಔಷಧಿಯಿಲ್ಲದ ಬರೀ ಸೂಜಿ ಚುಚ್ಚಿಸಿಕೊಂಡವರದ್ದು ಶೇ. 2.4. ಅದೇ ಪ್ರಯೋಗದಲ್ಲಿ ಔಷಧಿ ತಗೊಂಡವರಲ್ಲಿ ಶೇ. 44 ಮಂದಿಗೆ ವಾಕರಿಕೆ ಬಂದಿತ್ತು. ಇದನ್ನು ಸಣ್ಣ ತೊಂದರೆ ಅಂತ ಪಕ್ಕಕ್ಕೆ ತಳ್ಳುವ ರೂಢಿ ಇದೆ. ಉಂಡದ್ದು ಮೇಲೆ ಬಂದ ಹಾಗೆ ದಿನಗಟ್ಟಲೆ ಅನ್ನಿಸುತ್ತಿದ್ದರೆ ಆ ಮನುಷ್ಯನಿಗೆ ಅದು ಸಣ್ಣ ತೊಂದರೆ ಅಲ್ಲ. ಔಷಧಿ ಬಿಡುವವರಲ್ಲಿ ಕೆಲವರು ಬಿಡುವುದೇ ಇದಕ್ಕೆ.

ವಾಕರಿಕೆಯೂ ನರದ ರಿಸೆಪ್ಟರ್‌ನ ಕಥೆಯೇ. ಈ ಕಥೆಯಲ್ಲಿ ಒಂದು ದೊಡ್ಡ ಗೆಲುವು ಈಗಾಗಲೇ ಸಿಕ್ಕಿದೆ ಅನ್ನುವುದನ್ನು ಜನ ಮರೆತಿದ್ದಾರೆ. ಸಿರೊಟೋನಿನ್ ಅನ್ನುವುದು ಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ. ಮೈಯಲ್ಲಿರುವ ಸಿರೊಟೋನಿನ್‌ನಲ್ಲಿ ಶೇ. 90ಕ್ಕೂ ಹೆಚ್ಚು ಇರುವುದು ಕರುಳಿನಲ್ಲಿ. ಸಿಸ್‌ಪ್ಲಾಟಿನ್‌ನಂಥ ಕ್ಯಾನ್ಸರ್ ಔಷಧಿ ಕೊಟ್ಟಾಗ ಕರುಳಿನ ಕೋಶಗಳು ಪೆಟ್ಟು ತಿಂದು ಸಿರೊಟೋನಿನ್ ಸುರಿಸುತ್ತವೆ. ಅದು ಪಕ್ಕದ ವೇಗಸ್ ತುದಿಯಲ್ಲಿರುವ 5-ಎಚ್‌ಟಿ3 ರಿಸೆಪ್ಟರ್ ತಟ್ಟುತ್ತದೆ. ನರ ಮೇಲಕ್ಕೆ ಕೂಗುತ್ತದೆ, ವಾಂತಿ ಶುರುವಾಗುತ್ತದೆ. ಆ ರಿಸೆಪ್ಟರನ್ನು ಮುಚ್ಚುವ ಒಂಡಾನ್ಸೆಟ್ರಾನ್ 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದಕ್ಕೆ ಮುಂಚೆ ಕೀಮೋಥೆರಪಿ ಅಂದರೆ ಬಕೆಟ್ ಹಿಡಿದು ಕೂರುವ ಶಿಕ್ಷೆಯಾಗಿತ್ತು. ಎಷ್ಟೋ ಜನ ಚಿಕಿತ್ಸೆಯನ್ನು ಪೂರ್ತಿ ಮಾಡಲು ಸಾಧ್ಯವಾದದ್ದು ಕರುಳಿನ ನರದ ಒಂದು ರಿಸೆಪ್ಟರನ್ನು ಸರಿಯಾಗಿ ಅರ್ಥ ಮಾಡಿಕೊಂಡದ್ದರಿಂದ.

ಜಿಎಲ್‌ಪಿ-1 ಔಷಧಿಗಳ ವಾಕರಿಕೆಗೆ ಅಷ್ಟು ಸುಲಭದ ಬೀಗ ಇನ್ನೂ ಸಿಕ್ಕಿಲ್ಲ. ಆದರೆ ದಾರಿ ಕಾಣುತ್ತಿದೆ. 2024ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದು ಹಿಂಬದಿ ಮಿದುಳಿನ ಎರಡು ಅಕ್ಕಪಕ್ಕದ ಜಾಗಗಳನ್ನು ಬೇರೆ ಮಾಡಿತು. ಒಂದು ಜಾಗದ ಜಿಎಲ್‌ಪಿ-1 ರಿಸೆಪ್ಟರ್ ಇರುವ ನರಕೋಶಗಳು ತೃಪ್ತಿ ಕೊಡುತ್ತವೆ, ಪಕ್ಕದ ಏರಿಯಾ ಪೋಸ್ಟ್ರೆಮಾದಲ್ಲಿರುವವು ಅಸಹ್ಯ ಹುಟ್ಟಿಸುತ್ತವೆ. ಹಸಿವು ಇಳಿಯಬೇಕಾದರೆ ಹೊಟ್ಟೆ ತೊಳಸಲೇಬೇಕು ಅನ್ನುವ ನಿಯಮವೇನೂ ಇಲ್ಲ ಅನ್ನುವುದಕ್ಕೆ ಇದು ಒಳ್ಳೆ ಸುಳಿವು. ಮನುಷ್ಯರಲ್ಲಿ ಇದು ಔಷಧಿಯಾಗಿ ಬರುವುದಕ್ಕೆ ಇನ್ನೂ ದೂರ ಇದೆ.

ಆಪರೇಷನ್ ಟೇಬಲ್ ಮೇಲೆ

ಇದೆಲ್ಲ ಲ್ಯಾಬಿನ ಮಾತಾಯಿತು ಅಂತ ಅನ್ನಿಸಿದರೆ ಆಪರೇಷನ್ ಕೋಣೆಗೆ ಬನ್ನಿ. ಅರಿವಳಿಕೆ ಕೊಡುವ ಮುಂಚೆ ಹೊಟ್ಟೆ ಖಾಲಿ ಇರಬೇಕು. ಪ್ರಜ್ಞೆ ತಪ್ಪಿದಾಗ ಗಂಟಲಿನ ಕಾವಲು ಸಡಿಲವಾಗುತ್ತದೆ. ಜಠರದಲ್ಲಿ ಏನಾದರೂ ಉಳಿದಿದ್ದರೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಜೀವಕ್ಕೇ ಕುತ್ತು ಬರಬಹುದು. ಜಿಎಲ್‌ಪಿ-1 ಔಷಧಿಗಳು ಜಠರ ಖಾಲಿಯಾಗುವುದನ್ನು ತಡಮಾಡುತ್ತವೆ. ಅದರಲ್ಲಿ ವೇಗಸ್ ನರದ ಪಾತ್ರ ದೊಡ್ಡದು. ರಾತ್ರಿಯಿಡೀ ಉಪವಾಸ ಇದ್ದು ಬಂದವರ ಜಠರದಲ್ಲೂ ಗಟ್ಟಿ ಆಹಾರ ಸಿಕ್ಕ ಪ್ರಕರಣಗಳು ಬಂದವು.

2023ರ ಜೂನ್‌ನಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ, ವಾರಕ್ಕೊಮ್ಮೆ ತಗೊಳ್ಳುವ ಔಷಧಿಯನ್ನು ಆಪರೇಷನ್‌ಗೆ ಒಂದು ವಾರ ಮುಂಚೆ ನಿಲ್ಲಿಸಿ ಅಂತ ಹೇಳಿತು. 2024ರ ಅಕ್ಟೋಬರ್‌ನಲ್ಲಿ ಹಲವು ಸಂಘಗಳು ಸೇರಿ ಸಲಹೆಯನ್ನು ಬದಲಿಸಿದವು. ಹೆಚ್ಚಿನವರು ಔಷಧಿ ಮುಂದುವರಿಸಬಹುದು. ಅಪಾಯ ಜಾಸ್ತಿ ಇರುವವರು, ಅಂದರೆ ಡೋಸ್ ಏರಿಸುತ್ತಿರುವವರು, ದೊಡ್ಡ ಡೋಸ್‌ನವರು, ವಾಕರಿಕೆ ಹೊಟ್ಟೆಯುಬ್ಬರ ಇರುವವರು, ಮುಂಚಿನ 24 ಗಂಟೆ ದ್ರವಾಹಾರದಲ್ಲಿರಬೇಕು. ಅನುಮಾನ ಇದ್ದರೆ ಅಲ್ಟ್ರಾಸೌಂಡ್‌ನಲ್ಲಿ ಜಠರ ನೋಡಬಹುದು.

ಒಂದು ವಾರ ನಿಲ್ಲಿಸಿದರೂ ಅರ್ಧ ಔಷಧಿ ಮೈಯಲ್ಲೇ ಇರುತ್ತದೆ ಅನ್ನುವುದು ಲೆಕ್ಕ ಬಲ್ಲವರಿಗೆ ಗೊತ್ತೇ ಇದೆ. ಜೊತೆಗೆ, ನಿರಂತರವಾಗಿ ತಗೊಂಡಾಗ ಜಠರ ನಿಧಾನವಾಗುವ ಪರಿಣಾಮ ವಾರಗಳಲ್ಲಿ ಸಾಕಷ್ಟು ಕಡಿಮೆಯಾಗುತ್ತದೆ, ಹಸಿವು ಇಳಿಯುವುದು ಮಾತ್ರ ಉಳಿಯುತ್ತದೆ. ಡೋಸ್ ಏರುವ ಕಾಲದಲ್ಲೇ ಹೆಚ್ಚು ಎಚ್ಚರ ಬೇಕು ಅನ್ನುವ ಹೊಸ ಸಲಹೆಗೆ ಹಿನ್ನೆಲೆ ಇದೇ. ಯಾವ ಸಲಹೆ ಇದ್ದರೂ ಒಂದು ಮಾತು ಬಿಡಬಾರದು. ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ತಾವಾಗಿಯೇ ಹೇಳಿ. ತೂಕಕ್ಕೆ ಔಷಧಿ ಅಂತ ನಾಚಿಕೊಂಡು ಮುಚ್ಚಿಡಬೇಡಿ.

ನರವೇ ಮಂದವಾದರೆ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ನರದ ಮೇಲಿನ ರಿಸೆಪ್ಟರ್‌ಗಳು ಒಂದೇ ಸಮ ಇರುವುದಿಲ್ಲ. ಲಿವರ್‌ಪೂಲ್‌ನ ಗ್ರಹಾಂ ಡಾಕ್ರೇ ತಂಡ ಇಲಿಗಳಲ್ಲಿ ತೋರಿಸಿದ ಹಾಗೆ, ಉಪವಾಸ ಇದ್ದಾಗ ವೇಗಸ್ ನರಕೋಶಗಳು ಹಸಿವನ್ನು ಹೆಚ್ಚಿಸುವ ಕಡೆಯ ಸಿಬಿ1 ರಿಸೆಪ್ಟರ್ ಜಾಸ್ತಿ ತಯಾರಿಸುತ್ತವೆ. ಉಂಡಾಗ ಬರುವ ಸಿಸಿಕೆ ಅದನ್ನು ಇಳಿಸುತ್ತದೆ. ಒಂದೇ ನರ ಊಟಕ್ಕೆ ಮುಂಚೆ ಒಂದು ಥರ, ಊಟದ ಮೇಲೆ ಇನ್ನೊಂದು ಥರ.

ತಿಂಗಳುಗಟ್ಟಲೆ ಕೊಬ್ಬಿನ ಆಹಾರ ತಿಂದು ದಪ್ಪಗಾದ ಪ್ರಾಣಿಗಳಲ್ಲಿ ಈ ಏರಿಳಿತ ಹದಗೆಡುತ್ತದೆ. ಸಿಸಿಕೆಗೆ ನರ ಮೊದಲಿನಷ್ಟು ಓಗೊಡುವುದಿಲ್ಲ. ಜಠರ ಹಿಗ್ಗಿದ್ದನ್ನು ಹೇಳುವ ಎಳೆಗಳೂ ಮಂದವಾಗುತ್ತವೆ. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅಂಥ ಇಲಿಗಳಿಗೆ ಮತ್ತೆ ಸಾಮಾನ್ಯ ಆಹಾರ ಕೊಟ್ಟು ನೋಡಿದರು. ಆಹಾರ ಬದಲಾದರೂ ನರದ ಮಂದತನ ಹೋಗಲಿಲ್ಲ, ಇಲಿಗಳು ಜಾಸ್ತಿ ತಿನ್ನುತ್ತಲೇ ಇದ್ದವು.

ಇಲಿಗಳ ಫಲಿತಾಂಶವನ್ನು ಮನುಷ್ಯರ ಮೇಲೆ ಹಾಗೇ ಹೇರಬಾರದು. ಆದರೂ, ಬಾಯಿ ಕಟ್ಟು, ಮನಸ್ಸು ಗಟ್ಟಿ ಮಾಡು ಅಂತ ದಪ್ಪಗಿರುವವರಿಗೆ ಉಪದೇಶ ಮಾಡುವವರು ಒಮ್ಮೆ ಇದನ್ನು ಓದಬೇಕು. ಸಾಕು ಅನ್ನುವ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟದಿದ್ದರೆ ಮನಸ್ಸು ಯಾವುದರ ಆಧಾರದ ಮೇಲೆ ತೀರ್ಮಾನ ಮಾಡಬೇಕು?

ಇನ್ನು ವೇಗಸ್ ನರದ ಹೆಸರು ಹೇಳಿಕೊಂಡು ಮಾರುವ ಯಂತ್ರ, ಪುಡಿ, ಉಸಿರಾಟದ ಕೋರ್ಸುಗಳ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಹೊಟ್ಟೆಯೊಳಗೆ ಇಟ್ಟು ವೇಗಸ್ ನರವನ್ನು ವಿದ್ಯುತ್ತಿನಿಂದ ತಡೆಯುವ ಸಾಧನವೊಂದಕ್ಕೆ 2015ರ ಜನವರಿಯಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತ್ತು. ಅದರ ಪ್ರಯೋಗದಲ್ಲಿ ನಿಜವಾದ ಸಾಧನಕ್ಕೂ ತೋರಿಕೆಯ ಸಾಧನಕ್ಕೂ ವ್ಯತ್ಯಾಸ ಸಣ್ಣದಾಗಿತ್ತು. ಹಲವು ಬಗೆಯ ಎಳೆಗಳಿರುವ ನರವನ್ನು ಒಟ್ಟಿಗೇ ಅದುಮಿದರೆ ಇಷ್ಟೇ ಸಿಗುವುದು. ಕೆಲವು ಎಳೆ ಹಿಗ್ಗುವಿಕೆ ಹೇಳುತ್ತವೆ, ಕೆಲವು ಪೋಷಕಾಂಶ ಹೇಳುತ್ತವೆ, ಕೆಲವು ವಾಕರಿಕೆ ಹುಟ್ಟಿಸುತ್ತವೆ.

ಉತ್ತರ ಬೇಕಾಗಿರುವ ಪ್ರಶ್ನೆ ಇದು. ಸೆಮಾಗ್ಲುಟೈಡ್ ನಿಲ್ಲಿಸಿದ ಮೇಲೆ ಒಂದು ವರ್ಷದಲ್ಲಿ, ಕಳಕೊಂಡ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂತು ಅಂತ 2021ರ ಆ ದೊಡ್ಡ ಪ್ರಯೋಗದ ಮುಂದುವರಿಕೆ ಹೇಳುತ್ತದೆ. ತೂಕ ಇಳಿದಿದ್ದ ಆ ಕಾಲದಲ್ಲಿ ನರಗಳು ತಮ್ಮ ಹಳೇ ಚುರುಕಿಗೆ ಮರಳಿದ್ದವೋ ಇಲ್ಲವೋ? ಮರಳುವುದಾದರೆ ಎಷ್ಟು ತಿಂಗಳು ಬೇಕು? ಔಷಧಿ ನಿಲ್ಲಿಸುವುದು ಯಾವಾಗ, ಹೇಗೆ ಅನ್ನುವುದಕ್ಕೆ ಇದರಿಂದ ಒಂದು ಲೆಕ್ಕ ಸಿಗಬಹುದು. ಸದ್ಯ ಪ್ರಯೋಗಗಳು ಮುಖ್ಯವಾಗಿ ಅಳೆಯುವುದು ತೂಕ, ಸಕ್ಕರೆ, ರಕ್ತದ ಒತ್ತಡ. ಔಷಧಿ ಬಿಟ್ಟವರಲ್ಲಿ ಒಂದು ಅಳತೆಯ ಊಟ ಕೊಟ್ಟು ಎಷ್ಟಕ್ಕೆ ಸಾಕು ಅನ್ನಿಸಿತು, ಜಠರ ಎಷ್ಟು ಹೊತ್ತಿಗೆ ಖಾಲಿಯಾಯಿತು ಅಂತ ನೋಡುವ ಪರೀಕ್ಷೆಗಳು ಹೊಸದೇನಲ್ಲ. ಅವುಗಳನ್ನು ದೊಡ್ಡ ಪ್ರಯೋಗಗಳ ಪಟ್ಟಿಗೆ ಸೇರಿಸಬೇಕು, ಔಷಧಿ ನಿಲ್ಲಿಸಿದ ಮೇಲೂ ಒಂದೆರಡು ವರ್ಷ ಮುಂದುವರಿಸಬೇಕು.